ಮೂರು ಚೊಚ್ಚಲ ಆಲ್ಬಮ್, ಮೂರು ವಾರ

ನ್ಯೂಯಾರ್ಕ್ ರ‍್ಯಾಪ್‌ನಲ್ಲಿ ಯಾರ ಮೊದಲ ಆಲ್ಬಮ್ ದೊಡ್ಡದು ಅಂತ ಜಗಳ ಶುರುವಾದರೆ ಹೆಚ್ಚಾಗಿ ಮೂರು ಹೆಸರು ಬರುತ್ತವೆ. ನಾಸ್‌ನ 'ಇಲ್ಮ್ಯಾಟಿಕ್', ಬಿಗ್ಗಿಯ (ನೊಟೋರಿಯಸ್ ಬಿ.ಐ.ಜಿ.) 'ರೆಡಿ ಟು ಡೈ', ಜೇ-ಝೀಯ 'ರೀಸನಬಲ್ ಡೌಟ್'. ಸುಮ್ನೆ ವಾದ ಮಾಡೋದು ಬೇಡ ಅಂತ ಒಂದೊಂದನ್ನೂ ಒಂದೊಂದು ವಾರ ಕೇಳಿದೆ. ದಿನಕ್ಕೊಂದು ಸಲ, ಅದೇ ಹೆಡ್‌ಫೋನ್, ಒಂದು ಹಾಡನ್ನೂ ಹಾರಿಸದೆ.

ಮೊದಲು ಬಿಗ್ಗಿ. ಮಜಾ ಬೇಕಿದ್ದರೆ ಇದೇ, ಎರಡು ಮಾತಿಲ್ಲ. ಹುಟ್ಟಿನಿಂದ ಶುರುವಾಗಿ ಆತ್ಮಹತ್ಯೆಯಲ್ಲಿ ಮುಗಿಯುವ ಕಥೆ, ನಡುವೆ 'ಜ್ಯೂಸಿ' ಥರದ ಕುಣಿಸುವ ಹಾಡುಗಳು. ಆದರೆ 17 ಟ್ರ್ಯಾಕ್, ಒಂದು ಗಂಟೆಗೂ ಜಾಸ್ತಿ. ನಾಲ್ಕನೇ ದಿನಕ್ಕೆ ನಡುವಿನ ಕೆಲವು ಟ್ರ್ಯಾಕ್ ಹಾರಿಸಲು ಕೈ ತುರಿಸುತ್ತಿತ್ತು. ಇನ್ನೊಂದು ಕಿರಿಕಿರಿ: 2006ರಲ್ಲಿ ಸ್ಯಾಂಪಲ್ (ಬೇರೆಯವರ ಹಾಡಿನಿಂದ ಎತ್ತಿದ ತುಣುಕು) ವಿಚಾರದ ಕೇಸು ಸೋತ ಮೇಲೆ ಆಲ್ಬಮ್ ಹೆಸರಿನದೇ ಹಾಡಿನಿಂದ ಆ ತುಣುಕನ್ನು ತೆಗೆದರು. ಹಳೇದು ಕೇಳಿದ್ದವರಿಗೆ ಈಗಿನದು ಹಲ್ಲು ಬಿದ್ದ ಬಾಯಿ ಥರ.

ಎರಡನೇ ವಾರ 'ಇಲ್ಮ್ಯಾಟಿಕ್'. 1994ರ ಏಪ್ರಿಲ್‌ನಲ್ಲಿ ಬಂದಾಗ ನಾಸ್‌ಗೆ 20 ವರ್ಷ. ಹತ್ತೇ ಟ್ರ್ಯಾಕ್, ಅದರಲ್ಲೂ ಮೊದಲನೆಯದು ಬರೀ ಪೀಠಿಕೆ, ಒಟ್ಟು 40 ನಿಮಿಷದ ಆಸುಪಾಸು. ಮುಗಿಯಿತಾ ಅನ್ನುವಷ್ಟರಲ್ಲಿ ಮುಗಿದಿರುತ್ತದೆ, ಮತ್ತೆ ಒತ್ತುತ್ತೇವೆ. ಬಿಗ್ಗಿ ತನ್ನ ಕಥೆ ಹೇಳಿದರೆ ನಾಸ್ ತಾನು ಬೆಳೆದ ನ್ಯೂಯಾರ್ಕ್‌ನ ವಸತಿ ಸಮುಚ್ಚಯ ಕ್ವೀನ್ಸ್‌ಬ್ರಿಜ್‌ನ ಕಿಟಕಿಯಲ್ಲಿ ಕೂತು ಕೆಳಗಿನ ಬೀದಿ ನೋಡುತ್ತಾನೆ. 'ಒನ್ ಲವ್' ಬಹುಪಾಲು ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಪತ್ರದ ಥರ ಇದೆ. ಊರಿನ ಸುದ್ದಿ, ನಿನ್ನ ಮಗ ಹೀಗಿದ್ದಾನೆ, ಅಂಥ ಮಾತುಗಳು. ಕೊನೆಗೆ ಹೊರಗೆ ಬೆಂಚಿನ ಮೇಲೆ 12 ವರ್ಷದ ಹುಡುಗನೊಬ್ಬ ಸಿಗುತ್ತಾನೆ, ಅವನ ತಣ್ಣನೆಯ ನಗುವಿನ ಮಾತು ಕೇಳಿದರೇ ಚಳಿ ಹಿಡಿಯುತ್ತದೆ. ಏಳು ದಿನವೂ ಅಲ್ಲಿಗೆ ಬಂದಾಗ ನಾನು ನಡಿಗೆ ನಿಲ್ಲಿಸಿದ್ದೇನೆ.

ಇನ್ನು ಬೀಟ್‌ಗಳು, ಅಂದರೆ ಮಾತಿನ ಹಿಂದಿನ ಸಂಗೀತ. ಅದನ್ನು ಮಾಡಿದವರು ಐವರು: ಡಿಜೆ ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್, ಲಾರ್ಜ್ ಪ್ರೊಫೆಸರ್, ಎಲ್.ಇ.ಎಸ್. ಆಗ ಒಂದು ಆಲ್ಬಮ್‌ಗೆ ಬೀಟ್ ಮಾಡೋದು ಒಬ್ಬನೇ ಅಥವಾ ಒಂದೇ ತಂಡ ಅನ್ನೋದು ರೂಢಿ. ಇದಾದ ಮೇಲೆ ಎಲ್ಲರೂ ಹತ್ತು ಕಡೆಯಿಂದ ಬೀಟ್ ತರಲು ಹೊರಟರು, ಮುಕ್ಕಾಲು ಪಾಲು ಕಲಸುಮೇಲೋಗರವಾಯಿತು. ಅದೂ ಇದರದೇ ಬಳುವಳಿ, ಬೇಡವಾದದ್ದು. ಶುರುವಿನಲ್ಲಿ ಮಾರಾಟವೂ ಅಷ್ಟಕ್ಕಷ್ಟೆ, ಪ್ಲಾಟಿನಂ (ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿಯ ಗುರುತು) ಆಗಿದ್ದು 2001ರಲ್ಲಿ.

ಮೂರನೆಯದಕ್ಕೆ ಜಾಸ್ತಿ ಮಾತು ಬೇಡ. 1996ರ ಆಲ್ಬಮ್, ನುಣುಪು, ಜಾಣತನ ಬೇಕಾದಷ್ಟಿದೆ. ಆದರೆ ಜೇ-ಝೀ ದುಡ್ಡಿನ ಲೆಕ್ಕ ಹೇಳುವಾಗ ನನಗೆ ಬೀದಿ ಕಾಣಲಿಲ್ಲ. ಮೊದಲ ದಿನವೇ 'ಡೆಡ್ ಪ್ರೆಸಿಡೆಂಟ್ಸ್ 2' ಬಂತು, ಅದರ ಕೋರಸ್‌ನಲ್ಲಿ ನಾಸ್‌ನ ದನಿ! 'ಇಲ್ಮ್ಯಾಟಿಕ್'ನ 'ದ ವರ್ಲ್ಡ್ ಈಸ್ ಯುವರ್ಸ್'ನಿಂದ ಎತ್ತಿದ್ದು. ಅಲ್ಲಿಗೇ ನಿಲ್ಲಿಸಿ 'ಇಲ್ಮ್ಯಾಟಿಕ್' ಹಾಕಿಕೊಂಡೆ, ಆವತ್ತಿನ ಮಟ್ಟಿಗೆ ನನ್ನ ನಿಯಮ ನಾನೇ ಮುರಿದೆ.