ಪೊವೆಲ್ ಹೆಸರಿನ ಬೇರು: ಚಾನ್ಸರಿ ಅರ್ಜಿಯೋ, ಕಾಮನ್ ಪ್ಲೀಸ್ ಸುರುಳಿಯೋ?

ವೇಲ್ಸ್ ಮೂಲದ ಪೊವೆಲ್ ಮನೆತನವನ್ನು 1500ರ ಆಸುಪಾಸಿನ ಇಂಗ್ಲೆಂಡಿನ ಕೋರ್ಟ್ ದಾಖಲೆಗಳಲ್ಲಿ ಹುಡುಕಬೇಕು. ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಓದಲು ಸುಲಭ ಚಾನ್ಸರಿ ಅರ್ಜಿಗಳು, ಅಂದರೆ ಚಾನ್ಸಲರ್‌ನ ಕೋರ್ಟಿಗೆ ನ್ಯಾಯ ಕೋರಿ ಜನ ಕೊಟ್ಟ ದೂರುಗಳು. ಆ ಹೊತ್ತಿಗೆ ಅವು ಇಂಗ್ಲಿಷಿನಲ್ಲಿವೆ. ಯಾರ ಜಮೀನು, ಯಾರ ಮಗ, ಜಗಳ ಯಾಕೆ, ಎಲ್ಲ ಬಿಡಿಸಿ ಹೇಳುತ್ತವೆ. ಬ್ರಿಟನ್ನಿನ ಸರ್ಕಾರಿ ದಾಖಲೆಗಳ ಸಂಗ್ರಹಾಲಯ ನ್ಯಾಷನಲ್ ಆರ್ಕೈವ್ಸ್‌ನ ಆನ್‌ಲೈನ್ ಪಟ್ಟಿಯಲ್ಲಿ ಹೆಸರು ಹಾಕಿ ಹುಡುಕಬಹುದು. ನಕಲಿಗೆ ಮಾತ್ರ ದುಡ್ಡು ಬೇಕಾಗಬಹುದು.

ಕಾಮನ್ ಪ್ಲೀಸ್ ಎಂದರೆ ಜನರ ನಡುವಿನ ಸಿವಿಲ್ ವ್ಯಾಜ್ಯಗಳ ಕೋರ್ಟ್; ಅದರ ದಾಖಲೆ ಸುರುಳಿಗಳ ಫೋಟೋ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದ ತಾಣದಲ್ಲಿ ಉಚಿತ. ಆದರೆ ಪದಗಳನ್ನು ಮೊಟಕು ಮಾಡಿ ಬರೆದ ಲ್ಯಾಟಿನ್, ಸಾಲದ ಕೇಸುಗಳೇ ಜಾಸ್ತಿ. ಒಂದು ಲಾಭವಿದೆ: 1413ರ ಕಾನೂನಿನಿಂದ ಪ್ರತಿವಾದಿಯ ಊರು, ಕಸುಬು ಬರೆದಿರುತ್ತಾರೆ.

ಪೊವೆಲ್ ಹೆಸರು ಬಂದದ್ದು ‘ಆಪ್ ಹೊವೆಲ್’ನಿಂದ, ಅಂದರೆ ‘ಹೊವೆಲ್‌ನ ಮಗ’; ಹಾಗಾಗಿ ಎರಡರಲ್ಲೂ ‘ಆಪ್ ಹೊವೆಲ್’ ಎಂದೂ ಹುಡುಕಿ.

ಸಂಬಂಧದ ಎಳೆ ಬೇಕಿದ್ದರೆ ಚಾನ್ಸರಿ ಹಿಡಿಯಿರಿ. ವೇಲ್ಸ್ ಗಡಿಯ ಇಂಗ್ಲಿಷ್ ಜಿಲ್ಲೆಗಳಾದ ಹೆರೆಫರ್ಡ್‌ಶೈರ್, ಶ್ರಾಪ್‌ಶೈರ್‌ಗಳಲ್ಲಿ ಹೆಸರು ಎಲ್ಲೆಲ್ಲಿ ಹರಡಿತ್ತು ಎಂದು ನೋಡಬೇಕಿದ್ದರೆ, ಲ್ಯಾಟಿನ್ ಕಲಿಯುವ ತಾಳ್ಮೆಯೂ ಇದ್ದರೆ, ಸುರುಳಿಗಳು.