ಮೂರು ಡೊಮಿನಿಕನ್ ಸಿಗಾರ್‌ಗಳು: ಡೇವಿಡಾಫ್, ಶಾರ್ಟ್ ಸ್ಟೋರಿ, ಓಪಸ್ ಎಕ್ಸ್

ಡೊಮಿನಿಕನ್ ಗಣರಾಜ್ಯದ ಸಿಗಾರ್‌ಗಳೆಲ್ಲ ಸೌಮ್ಯ, ಖಾರ ಮತ್ತು ಘಾಟು ಬೇಕಾದವರು ನಿಕರಾಗುವಾದ ಕಡೆಗೆ ನೋಡಬೇಕು ಎಂಬ ಅಭಿಪ್ರಾಯ ಸಿಗಾರ್ ಸೇದುವವರಲ್ಲಿ ಬೇರೂರಿದೆ. ಡೊಮಿನಿಕನ್ ನೆಲದಲ್ಲೇ ಸುತ್ತಿದ ಮೂರು ಹೆಸರಾಂತ ಸಿಗಾರ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಪರೀಕ್ಷಿಸಿದ ಮೇಲೆ ಈ ಮಾತು ಅರ್ಧ ಮಾತ್ರ ಸರಿಯೆಂದು ನನಗೆ ಮನವರಿಕೆಯಾಗಿದೆ. ಡೇವಿಡಾಫ್ ಸಿಗ್ನೇಚರ್ 2000, ಆರ್ಟುರೊ ಫುಎಂತೆಯ ಹೆಮಿಂಗ್ವೇ ಸಾಲಿನ ಶಾರ್ಟ್ ಸ್ಟೋರಿ ಮತ್ತು ಅದೇ ಮನೆತನದ ಓಪಸ್ ಎಕ್ಸ್ ರೊಬುಸ್ಟೊ (ಗಿಡ್ಡ, ದಪ್ಪ ಅಳತೆಯದು) ನಾನು ಆರಿಸಿಕೊಂಡವು.

ಈ ಸಿಗಾರ್‌ಗಳ ತವರು ಸ್ಯಾಂಟಿಯಾಗೊ ನಗರದ ಸುತ್ತಲಿನ ಸಿಬಾವೊ ಕಣಿವೆ. ಕ್ಯೂಬಾದ ಬೀಜದಿಂದ ಬಂದ ಪಿಲೊಟೊ ಕುಬಾನೊ ಮತ್ತು ಸ್ಥಳೀಯ ತಳಿಯಾದ ಓಲೋರ್ ಅಲ್ಲಿನ ಮುಖ್ಯ ಬೆಳೆಗಳು. ಮೊದಲನೆಯದು ಕಸುವು ಕೊಟ್ಟರೆ ಎರಡನೆಯದು ಪರಿಮಳ ಕೊಡುತ್ತದೆ. ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ವರ್ಜೀನಿಯಾ ತಂಬಾಕನ್ನು ಬ್ಯಾರನ್‌ಗಳಲ್ಲಿ ಬಿಸಿಗಾಳಿಯಿಂದ ಹದಮಾಡುವುದನ್ನು ಕಂಡವರಿಗೆ ಅಲ್ಲಿನ ವಿಧಾನ ಹೊಸದೆನಿಸಬಹುದು: ಎಲೆಗಳನ್ನು ಕೊಟ್ಟಿಗೆಗಳಲ್ಲಿ ವಾರಗಟ್ಟಲೆ ನೇತುಹಾಕಿ ಬರೀ ಗಾಳಿಗೆ ಒಣಗಿಸಿ, ಬಳಿಕ ದೊಡ್ಡ ರಾಶಿಗಳಾಗಿ ಒಟ್ಟಿ, ತಮ್ಮ ಬಿಸಿಗೆ ತಾವೇ ಹುದುಗಿ ಅಮೋನಿಯಾದ ಕಮಟು ಹೋಗುವವರೆಗೂ ರಾಶಿಯನ್ನು ಮತ್ತೆ ಮತ್ತೆ ಮಗುಚುತ್ತಾರೆ. ಸಿಗಾರ್ ಸೌಮ್ಯವೋ ಒರಟೋ ಎಂಬುದು ಬಹುಮಟ್ಟಿಗೆ ಈ ತಾಳ್ಮೆಯಲ್ಲೇ ನಿರ್ಧಾರವಾಗುತ್ತದೆ.

ಹೋಲಿಕೆ ನ್ಯಾಯವಾಗಿರಲೆಂದು ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ, ಶೇ. 65ರಿಂದ 68ರ ತೇವಾಂಶದಲ್ಲಿ ಕೆಲವು ವಾರ ಇಟ್ಟೆ. ಬೇರೆ ಬೇರೆ ಸಂಜೆಗಳಲ್ಲಿ, ಊಟವಾದ ಮೇಲೆ, ನೀರಿನ ಹೊರತು ಬೇರೇನನ್ನೂ ಕುಡಿಯದೆ, ಸುಮಾರು ನಿಮಿಷಕ್ಕೊಂದು ಸಲ ಮಾತ್ರ ಎಳೆದೆ. ಅವಸರ ಮಾಡಿದರೆ ಯಾವ ಸಿಗಾರ್ ಆದರೂ ಕಾದು ಕಹಿಯಾಗುತ್ತದೆ. ಸಿಗಾರಿಗೆ ಸುತ್ತಿದ ಹೆಸರಿನ ಕಾಗದದ ಪಟ್ಟಿಯನ್ನು ಕಳಚಿಟ್ಟು ಕುರುಡು ಪರೀಕ್ಷೆ ಮಾಡುವುದರಲ್ಲಿ ಇಲ್ಲಿ ಅರ್ಥವಿರಲಿಲ್ಲ, ಏಕೆಂದರೆ ಆಕಾರವೇ ಗುರುತು ಹೇಳಿಬಿಡುತ್ತದೆ. ಹೊಗೆಯನ್ನು ಒಳಗೆಳೆಯದೆ ಬಾಯಲ್ಲಷ್ಟೇ ಆಡಿಸಿದರೂ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನ ಅಪಾಯ ತಪ್ಪುವುದಿಲ್ಲ ಎಂಬುದನ್ನು ಮರೆಯದೆಯೇ ಇದನ್ನು ಬರೆಯುತ್ತಿದ್ದೇನೆ.

ಜಿನೀವಾದ ತಂಬಾಕು ವ್ಯಾಪಾರಿ ಜೀನೊ ಡೇವಿಡಾಫ್ ಅವರ ಹೆಸರಿನ ಸಿಗಾರ್‌ಗಳು ಮೊದಲು ಕ್ಯೂಬಾದಲ್ಲಿ ತಯಾರಾಗುತ್ತಿದ್ದವು. 1990ರ ದಶಕದ ಆರಂಭದಲ್ಲಿ ಸಿಗಾರ್ ತಯಾರಕ ಹೆಂಡ್ರಿಕ್ ಕೆಲ್ನರ್ ಅವರ ಉಸ್ತುವಾರಿಯಲ್ಲಿ ಡೊಮಿನಿಕನ್ ನೆಲಕ್ಕೆ ಬಂದವು. ಸಿಗ್ನೇಚರ್ 2000 ಸುಮಾರು 5 ಇಂಚು ಉದ್ದದ ತೆಳ್ಳನೆಯ ಸಿಗಾರ್. ದಪ್ಪವನ್ನು ಇಂಚಿನ 64ನೇ ಭಾಗಗಳಲ್ಲಿ ಎಣಿಸುವ ರೂಢಿಯಂತೆ ಇದರ ಅಳತೆ 43. ಹೊರಗಿನ ಎಲೆ ಎಕ್ವಡಾರಿನ ಕನೆಕ್ಟಿಕಟ್ ತಳಿಯದು; ಅಲ್ಲಿನ ಮೋಡದ ನೆರಳಿನಲ್ಲಿ ಬೆಳೆದ ಇದು ತಿಳಿ ಬಣ್ಣದ್ದು, ನರಗಳು ಕಾಣದಷ್ಟು ನಯವಾದದ್ದು. ಮೊದಲ ಎಳೆತಗಳಲ್ಲಿ ದೇವದಾರು ಮರದ ವಾಸನೆ, ಒಣಹುಲ್ಲು, ಹಾಲಿನ ಕೆನೆಯಂಥ ನುಣುಪು. ನಡುವೆ ಅಣಬೆಯನ್ನು ನೆನಪಿಸುವ ಮಣ್ಣಿನ ರುಚಿ. ಉರಿ ಅಂಚು ಕೊನೆಯವರೆಗೂ ಗೆರೆ ಎಳೆದಂತೆ ನೇರವಾಗಿತ್ತು. ಇಷ್ಟು ಶುದ್ಧವಾದ ಹೊಗೆಯನ್ನು ಉಳಿದೆರಡೂ ಕೊಡಲಿಲ್ಲ. ಆದರೆ ಮೊದಲ ಮೂರನೇ ಭಾಗದಲ್ಲಿ ಹೇಳಿದ್ದನ್ನೇ ಅದು ಕೊನೆಯ ಭಾಗದಲ್ಲೂ ಹೇಳುತ್ತದೆ, ನಾನು ಕಾಯುತ್ತಿದ್ದ ತಿರುವು ಬರುವುದಿಲ್ಲ.

ಶಾರ್ಟ್ ಸ್ಟೋರಿ ಕೇವಲ 4 ಇಂಚಿನದು, ಎರಡೂ ತುದಿ ಚೂಪು, ಅತಿ ದಪ್ಪವಾದಲ್ಲಿ 49. ತಯಾರಕರು 1912ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಆರಂಭಿಸಿ 1980ರಲ್ಲಿ ಸ್ಯಾಂಟಿಯಾಗೊದಲ್ಲಿ ನೆಲೆಯೂರಿದ ಫುಎಂತೆ ಕುಟುಂಬದವರು. ಒಳಗೆ ಡೊಮಿನಿಕನ್ ಎಲೆ, ಹೊರಗೆ ಆಫ್ರಿಕದ ಕ್ಯಾಮರೂನ್ ಎಲೆ. ಬೆರಳಾಡಿಸಿದರೆ ಸಣ್ಣ ಬೊಕ್ಕೆಗಳು ತಾಗುವ ಈ ತೆಳು ಎಲೆಯೇ ಇಡೀ ಸಿಗಾರಿನ ಸ್ವಭಾವವನ್ನು ಹಿಡಿದಿರುವುದು. ಚೂಪು ತುದಿಯಿಂದ ಉರಿ ಅಗಲವಾಗುತ್ತಾ ಹೋಗುವುದರಿಂದ ಮೊದಲು ಬರೀ ಹೊರ ಎಲೆಯ ಸಿಹಿ ಮತ್ತು ಕರಿಮೆಣಸಿನ ಚುರುಕು ನಾಲಿಗೆಗೆ ಸಿಗುತ್ತವೆ, ಹೊಟ್ಟೆಯ ಭಾಗಕ್ಕೆ ಬಂದಾಗ ಒಳಗಿನ ಎಲೆಗಳು ಒಟ್ಟಾಗಿ ಮಾತಿಗೆ ಬಂದು ಹುರಿದ ಬೀಜ, ಚಕ್ಕೆ, ತೊಗಲಿನ ವಾಸನೆಗಳು ತುಂಬಿಕೊಳ್ಳುತ್ತವೆ. ಆಕಾರವೇ ರುಚಿಯನ್ನು ಹೀಗೆ ನಡೆಸಿಕೊಂಡು ಹೋಗುವುದು ನನಗೆ ಬಹಳ ಹಿಡಿಸಿತು. ಕೊಟ್ಟ ಬೆಲೆ ಡೇವಿಡಾಫಿನ ಸುಮಾರು ಅರ್ಧ.

ಓಪಸ್ ಎಕ್ಸ್ ಹಿಂದೆ ಒಂದು ಹಟವಿದೆ. ಒಳ್ಳೆಯ ಹೊರ ಎಲೆ ಡೊಮಿನಿಕನ್ ಮಣ್ಣಿನಲ್ಲಿ ಬೆಳೆಯದು ಎಂಬ ನಂಬಿಕೆಗೆ ಎದುರಾಗಿ ಕಾರ್ಲೋಸ್ ಫುಎಂತೆ ಜೂನಿಯರ್ ತಮ್ಮ ಶಾಟೋ ದ ಲಾ ಫುಎಂತೆ ತೋಟದಲ್ಲಿ ಅದನ್ನು ಬೆಳೆಸಿ ತೋರಿಸಿದರು. ಸಿಗಾರ್ 1995ರಲ್ಲಿ ಮಾರುಕಟ್ಟೆಗೆ ಬಂತು. ಎಲ್ಲ ಎಲೆಗಳೂ ಆ ದೇಶದವೇ ಆಗಿರುವ ಇದು ಸೌಮ್ಯತೆಯ ಮಾತನ್ನು ಮೊದಲ ಎಳೆತದಲ್ಲೇ ಅಲ್ಲಗಳೆಯುತ್ತದೆ: ಕೆಂಪು ಮೆಣಸಿನ ಖಾರ, ಮೂಗಿಗೆ ಏರುವ ಘಾಟು, ಹಿಂದೆಯೇ ಒಣಹಣ್ಣಿನ ಗಾಢ ಸಿಹಿ. ಬರಿಹೊಟ್ಟೆಯಲ್ಲಿ ಇದನ್ನು ಮುಟ್ಟಬಾರದು.

ಒಂದನ್ನೇ ಆರಿಸಬೇಕಾದರೆ ನಾನು ಶಾರ್ಟ್ ಸ್ಟೋರಿಯನ್ನು ಆರಿಸುತ್ತೇನೆ. ಅಷ್ಟು ಚಿಕ್ಕ ಅಳತೆಯಲ್ಲಿ ಅಷ್ಟು ಬದಲಾವಣೆಯನ್ನು ಉಳಿದೆರಡರಲ್ಲಿ ಕಾಣಲಿಲ್ಲ. ಹೊಸಬರಿಗೆ ಡೇವಿಡಾಫ್ ಸರಿಯಾದ ಮೆಟ್ಟಿಲು. ಓಪಸ್ ಎಕ್ಸ್ ಕೊಂಡವರು ಕೂಡಲೇ ಹಚ್ಚದೆ ಒಂದೆರಡು ವರ್ಷ ಪೆಟ್ಟಿಗೆಯಲ್ಲಿ ಮಾಗಲು ಬಿಡುವುದು ಒಳ್ಳೆಯದು, ಖಾರ ತಗ್ಗಿ ಸಿಹಿ ಮುಂದೆ ಬರುತ್ತದೆ.