ಫೇರೋ ದ್ವೀಪಗಳ ಸೆಲ್ಫ್ ಡ್ರೈವ್ ಹೈಕಿಂಗ್ ಪ್ಯಾಕೇಜ್: ಕಾರಿಗೆ ಫುಲ್ ಮಾರ್ಕ್ಸ್, ಟೈಮ್‌ಟೇಬಲ್‌ಗೆ ಸೊನ್ನೆ

ಜೂನ್‌ನಲ್ಲಿ ನಾನು ನಮ್ಮನೆಯವರು ಇಬ್ರೂ ಈ 8 ದಿನದ ಪ್ಯಾಕೇಜ್ ತಗೊಂಡು ಉತ್ತರ ಅಟ್ಲಾಂಟಿಕ್ ಸಮುದ್ರದಲ್ಲಿರೋ ಫೇರೋಗೆ ಹೋಗಿದ್ವಿ. ಪ್ಯಾಕೇಜ್ ಅಂದ್ರೆ ಗೈಡ್ ಇರಲ್ಲ, ಬಸ್ಸಲ್ಲಿ ತುಂಬ್ಕೊಂಡು ಹೋಗೋದೂ ಇಲ್ಲ. ಕಾರು, 4 ಊರಲ್ಲಿ ರೂಮು, ಫೆರಿ ಟಿಕೆಟ್ಟು, ಜೊತೆಗೆ ದಿನಕ್ಕೊಂದು ಟ್ರೆಕ್ ಅಂತ ಬರೆದಿರೋ ಒಂದು ದಪ್ಪ ರೂಟ್ ಪುಸ್ತಕ. ಉಳಿದಿದ್ದೆಲ್ಲ ನಾವೇ ನೋಡ್ಕೋಬೇಕು. ನನ್ನ ಕಡೆಯಿಂದ 5ಕ್ಕೆ ಮೂರೂವರೆ.

ಮೊದ್ಲು ವೀಸಾ ವಿಷ್ಯ ಹೇಳ್ಬಿಡ್ತೀನಿ, ಇದ್ರಲ್ಲಿ ಎಡವಿದ್ರೆ ಮಿಕ್ಕಿದ್ದೆಲ್ಲ ದಂಡ. ಫೇರೋ ಡೆನ್ಮಾರ್ಕ್ ರಾಜ್ಯಕ್ಕೆ ಸೇರಿದ್ದೇ ಆದ್ರೂ ಶೆಂಗೆನ್ (ಒಂದೇ ವೀಸಾದಲ್ಲಿ ಓಡಾಡ್ಬಹುದಾದ ಯುರೋಪ್ ದೇಶಗಳ ಗುಂಪು) ಒಳಗಿಲ್ಲ, ಮಾಮೂಲಿ ಶೆಂಗೆನ್ ಸ್ಟಿಕ್ಕರ್ ಸಾಲಲ್ಲ, ಡೆನ್ಮಾರ್ಕ್ ಕೊಡೋ ವೀಸಾದಲ್ಲಿ ಫೇರೋಗೂ ಅನ್ವಯ ಅಂತ ಬೇರೆಯಾಗಿ ಬರೆದಿರ್ಬೇಕು. ಇಷ್ಟು ದೊಡ್ಡ ವಿಷ್ಯಾನ ಈ ಪ್ಯಾಕೇಜ್‌ನವ್ರು ಪಿಡಿಎಫ್ 11ನೇ ಪೇಜಲ್ಲಿ ಸಣ್ಣಕ್ಷರದಲ್ಲಿ ಹಾಕಿದ್ದಾರೆ ಕಣ್ರೀ! ಪುಣ್ಯಕ್ಕೆ ನಮ್ಮನೆಯವ್ರಿಗೆ ಪೂರ್ತಿ ಓದೋ ಚಟ ಇದೆ.

ಕಾರಿನ ಬಗ್ಗೆ ಒಂದೇ ಒಂದು ಕಂಪ್ಲೇಂಟ್ ಇಲ್ಲ. ವಾಗರ್ ಏರ್‌ಪೋರ್ಟಲ್ಲಿ ಇಳಿದು 15 ನಿಮಿಷಕ್ಕೆ ಕೀ ಕೈಲಿತ್ತು. ಕೀ ಕೊಟ್ಟ ಹುಡುಗ ಗೇರು ಬ್ರೇಕು ಏನೂ ತೋರಿಸ್ಲಿಲ್ಲ, ಸೀದಾ ಬಾಗ್ಲು ತೆಗೆಯೋದು ಹೇಳ್ಕೊಟ್ಟ. ನಮಗೆ ನಗು ಬಂತು. ಗಾಳಿ ಯಾವ ಕಡೆಯಿಂದ ಬರ್ತಿದೆ ನೋಡಿ ಮೂತಿ ಆ ಕಡೆ ಮಾಡಿ ನಿಲ್ಸಿ, ಎರಡೂ ಕೈಲಿ ಹಿಡ್ಕೊಂಡು ತೆಗೀರಿ, ಗಾಳಿಗೆ ಬಾಗ್ಲು ಕಿತ್ಕೊಂಡು ಹೋದ್ರೆ ಇನ್ಶೂರೆನ್ಸ್ ಕೊಡಲ್ಲ ಅಂದ. ಎರಡನೇ ದಿನ ಗಾಸಾದಾಲೂರ್ ಫಾಲ್ಸ್ ಹತ್ರ ನಿಲ್ಸಿದಾಗ ನನ್ನ ಕಡೆ ಬಾಗ್ಲು ನನ್ನನ್ನೇ ಎಳ್ಕೊಂಡು ಹೋಯ್ತು, ಆಮೇಲೆ ನಗ್ಲಿಲ್ಲ.

ಓಡಿಸೋದು ಬಲಗಡೆ, ಊರ ಹೊರಗೆ 80, ಊರೊಳಗೆ 50, ಹಗಲಲ್ಲೂ ಹೆಡ್‌ಲೈಟ್ ಹಾಕಿರ್ಬೇಕು. ರೋಡುಗಳು ಸೂಪರ್, ಹೆದರಿಕೆ ಇರೋದು ಕುರಿಗಳದ್ದು (ಜನಕ್ಕಿಂತ ಕುರಿ ಜಾಸ್ತಿ ಇರೋ ದೇಶ, ಗುದ್ದಿದ್ರೆ ಪೊಲೀಸ್‌ಗೆ ಫೋನ್ ಮಾಡ್ಲೇಬೇಕು) ಮತ್ತೆ ಹಳೇ ಸುರಂಗಗಳದ್ದು. ಒಳಗೆ ಒಂದೇ ಲೇನು, ಲೈಟೂ ಅಷ್ಟಕ್ಕಷ್ಟೆ, ಎದುರಿಂದ ಗಾಡಿ ಬಂದ್ರೆ ಪಕ್ಕದಲ್ಲಿ ಕೊರೆದಿರೋ ಜಾಗಕ್ಕೆ ಸರೀಬೇಕು, ಅದೂ ಒಂದು ದಿಕ್ಕಿನವ್ರು ಮಾತ್ರ. ರೂಟ್ ಪುಸ್ತಕದಲ್ಲಿ ಇದನ್ನ ಚಿತ್ರ ಹಾಕಿ ತೋರಿಸಿದ್ದಾರೆ, ತುಂಬ ಉಪಯೋಗ ಆಯ್ತು.

ಈಗ ಟೈಮ್‌ಟೇಬಲ್ ಕತೆ. ಮೂರನೇ ದಿನ ಸ್ಲಾಟ್ಟಾರಾಟಿಂಡೂರ್ ಅಂತ ಬರ್ದಿತ್ತು, ಅಲ್ಲಿಯ ಅತಿ ಎತ್ತರದ ಬೆಟ್ಟ, 880 ಮೀಟರ್, ಕಾರು ಅರ್ಧ ಎತ್ತರದ ತನಕ ಹೋಗುತ್ತೆ, ಅಲ್ಲಿಂದ ನಡಿಗೆ. ಹೋದ್ವಿ. ಮಂಜು ಹೆಂಗಿತ್ತು ಅಂದ್ರೆ ಮುಂದೆ ಹೋಗ್ತಿದ್ದ ನಮ್ಮನೆಯವರ ಬ್ಯಾಗು ಮಾತ್ರ ಕಾಣ್ತಿತ್ತು, ತಲೆ ಕಾಣ್ತಿರ್ಲಿಲ್ಲ. ಅರ್ಧ ಗಂಟೆಗೆ ವಾಪಸ್ ಬಂದ್ವಿ. ಮಾರನೇ ದಿನಕ್ಕೆ ಹಾಕ್ಕೊಳ್ಳೋಣ ಅಂದ್ರೆ ಮಾರನೇ ದಿನ ಬೇರೆ ಊರಲ್ಲಿ ರೂಮು, ಗಂಟು ಮೂಟೆ ಕಟ್ಕೊಂಡು ಓಡ್ಬೇಕು. ಈ 4 ರೂಮಿನ ಲೆಕ್ಕ ನಂಗೆ ಅರ್ಥನೇ ಆಗ್ಲಿಲ್ಲ. 18 ದ್ವೀಪ ಅಂತ ಕೇಳಿದ್ರೆ ದೊಡ್ಡದು ಅನ್ಸುತ್ತೆ, ಆದ್ರೆ ಎಲ್ಲಾ ಸೇರಿ 1,400 ಚದರ ಕಿಲೋಮೀಟರ್ ಅಷ್ಟೆ, ಮುಖ್ಯವಾದ್ವು ಸೇತುವೆ ಸುರಂಗದಲ್ಲಿ ಜೋಡಿಸಿವೆ. 2020ರಲ್ಲಿ ಐಸ್ಟುರೊಯ್ ದ್ವೀಪಕ್ಕೆ 11 ಕಿಲೋಮೀಟರ್ ಸಮುದ್ರದಡಿ ಸುರಂಗ ಆದ್ಮೇಲೆ ರಾಜಧಾನಿ ಟೋರ್ಶಾವ್ನ್‌ನಿಂದ ಉತ್ತರದ ಕ್ಲಾಕ್ಸ್‌ವೀಕ್ ಊರಿಗೆ ಮುಕ್ಕಾಲು ಗಂಟೆನೂ ಬೇಡ. ಒಂದೇ ಕಡೆ ಮನೆ ಮಾಡಿ, ಬೆಳಿಗ್ಗೆ ಎದ್ದು ಆಕಾಶ ನೋಡಿ, ಯಾವ ದ್ವೀಪ ತಿಳಿಯಾಗಿದೆಯೋ ಆ ಕಡೆ ಹೋಗೋ ದೇಶ ಅದು. ಒಂದು ಕಡೆ ಜಡಿಮಳೆ ಇದ್ರೆ ಸುರಂಗ ದಾಟಿದ್ಮೇಲೆ ಬಿಸ್ಲು.

ಆರನೇ ದಿನ ರಾತ್ರಿ ಊಟಕ್ಕೆ ಕೂತಿದ್ವಿ, ಮೋಡ ಪೂರ್ತಿ ಸರಿದೋಯ್ತು. 8 ಗಂಟೆ. ಜೂನ್‌ನಲ್ಲಿ 11 ಆದ್ರೂ ಬೆಳಕಿರುತ್ತಲ್ಲ, ತಟ್ಟೆ ಅಲ್ಲೇ ಬಿಟ್ಟು ಕಾರು ತೆಗೆದ್ವಿ. ಹತ್ತೂವರೆಗೆ ಸ್ಲಾಟ್ಟಾರಾಟಿಂಡೂರ್ ನೆತ್ತಿ ಮೇಲೆ. ದ್ವೀಪಗಳನ್ನ ಎಣಿಸೋಕೆ ಕೂತು ಇಬ್ರಿಗೂ ಬೇರೆ ಬೇರೆ ಲೆಕ್ಕ ಬಂದು ಜಗಳ ಆಯ್ತು. ಇಡೀ ಟ್ರಿಪ್ಪಲ್ಲಿ ಇದೇ ಬೆಸ್ಟ್, ಇದು ಪುಸ್ತಕದಲ್ಲಿ ಇರ್ಲಿಲ್ಲ.

ಕಾಲ್ಸೊಯ್ ದ್ವೀಪದ ದಿನಾನೂ ಇವ್ರು ಕೆಡಿಸಿದ್ರು. ಕ್ಲಾಕ್ಸ್‌ವೀಕ್‌ನಿಂದ ಕಾರು ಸಮೇತ ಫೆರಿ ಹತ್ತಿ ಅಂತ ಬರ್ದಿದ್ದಾರೆ, ಆ ಫೆರಿಗೆ ಕೆಲವೇ ಕಾರು ಹಿಡಿಸೋದು, ಮೊದ್ಲು ಬಂದವ್ರಿಗೆ ಮೊದ್ಲು. ಕ್ಯೂನಲ್ಲಿ ಕೂತು ಎರಡು ಫೆರಿ ಕಣ್ಮುಂದೆನೇ ಹೋದ್ವು. ಕೊನೆಗೆ ಕಾರು ಅಲ್ಲೇ ಬಿಟ್ಟು ಬರಿಗೈಲಿ ಹತ್ತಿದ್ವಿ, 20 ನಿಮಿಷ, ಆಚೆ ಕಡೆ ಬಸ್ ಕಾಯ್ತಾ ಇರುತ್ತೆ, ಟ್ರೋಲ್ಲಾನೆಸ್ ಹಳ್ಳಿ ತನಕ ಬಿಡುತ್ತೆ. ಸುರಂಗ ಮೇಲೆ ಸುರಂಗ ಇರೋದ್ರಿಂದ ಆ ದ್ವೀಪಕ್ಕೆ ಕೊಳಲು ಅಂತ ಅಡ್ಡಹೆಸ್ರು. ಅಲ್ಲಿಂದ ಕಾಲ್ಲುರ್ ಲೈಟ್‌ಹೌಸ್‌ಗೆ ಒಂದು ಗಂಟೆ ನಡಿಗೆ, ಕೊನೆಯಲ್ಲಿ ಎರಡೂ ಕಡೆ ಪ್ರಪಾತ, ಜೋರು ಗಾಳಿ ಇದ್ರೆ ದಯವಿಟ್ಟು ಹೋಗ್ಬೇಡಿ.

ಇನ್ನೊಂದು, ಟ್ರೆಕ್ ಫೀಸು ಪ್ಯಾಕೇಜಲ್ಲಿ ಸೇರಿಲ್ಲ. ಜಮೀನು ಖಾಸಗಿಯವ್ರದ್ದು, ಹೆಸರುವಾಸಿ ದಾರಿಗಳಿಗೆ ದುಡ್ಡು ಕೊಡ್ಬೇಕು. ಟ್ರೆಲಾನಿಪಾಗೆ ನಾವು ತಲೆಗೆ 200 ಕ್ರೋನ ಕೊಟ್ವಿ. ಕೆರೆ ಸಮುದ್ರದ ಮೇಲೆ ನೂರಾರು ಮೀಟರ್ ಎತ್ತರದಲ್ಲಿ ತೇಲ್ತಿರೋ ಥರ ಫೋಟೋ ಬರುತ್ತಲ್ಲ ಅದೇ ಜಾಗ, ನಿಜಕ್ಕೂ ಕೆರೆ ಇರೋದು 30 ಮೀಟರ್ ಮೇಲೆ ಅಷ್ಟೆ, ಬಂಡೆ ಮಾಡೋ ಕಣ್ಕಟ್ಟು. ಗೊತ್ತಿದ್ರೂ ಬಾಯ್ಬಿಟ್ಕೊಂಡು ನೋಡಿದ್ವಿ.

ಅತಿ ದೊಡ್ಡ ತಪ್ಪು ಮಿಕಿನೆಸ್‌ನ ಕೊನೇ ದಿನಕ್ಕೆ ಇಟ್ಟಿದ್ದು. ಪಫಿನ್ ಹಕ್ಕಿಗಳ ದ್ವೀಪ, ಚಿಕ್ಕ ದೋಣಿ, ಅಲೆ ಜೋರಾದ್ರೆ ಬಿಡಲ್ಲ. ಬಿಡ್ಲಿಲ್ಲ. ಹೆಲಿಕಾಪ್ಟರ್ ಇದೆ ಅಂತ ಆಸೆ ಇಟ್ಕೋಬೇಡಿ, ಟೂರಿಸ್ಟ್‌ಗೆ ಅದೇ ದಿನ ವಾಪಸ್ ಬರೋಕೆ ಕೊಡಲ್ಲ, ನಮ್ಗೆ ಮಾರನೇ ಬೆಳಿಗ್ಗೆ ಫ್ಲೈಟು. ಮೊದಲ್ನೇ ದಿನವೇ ಹಾಕಿದ್ರೆ ತಪ್ಪಿದ್ರೂ ಇನ್ನೂ ನಾಲ್ಕು ಚಾನ್ಸ್ ಇರ್ತಿತ್ತು. ಪ್ಯಾಕೇಜ್‌ನವ್ರಿಗೆ ಫೋನ್ ಮಾಡಿದಾಗ ಅಲ್ಲಿಯ ಹುಡುಗಿ ಚೆನ್ನಾಗೇ ಮಾತಾಡಿದ್ಲು, ದೋಣಿ ದುಡ್ಡು 5 ದಿನಕ್ಕೆ ವಾಪಸ್ ಬಂತು. ಪಫಿನ್ ಬರ್ಲಿಲ್ಲ.

ಸುರಂಗದ ಟೋಲು ಕ್ಯಾಮೆರಾ ನೋಡ್ಕೊಳ್ಳುತ್ತೆ, ನಮ್ಗೆ ಎರಡು ವಾರ ಆದ್ಮೇಲೆ ಕಾರ್ಡಿಗೆ ಬಂತು. ಆ ದೊಡ್ಡ ಸುರಂಗದೊಳಗೆ, ಸಮುದ್ರದ ಕೆಳಗೆ, ಬಣ್ಣದ ಲೈಟ್ ಹಾಕಿರೋ ರೌಂಡಬೌಟ್ ಇದೆ. ನಮ್ಮನೆಯವರು ಅದನ್ನ 3 ಸುತ್ತು ಹಾಕಿದ್ರು, ಬಿಲ್ ಒಂದೇ ಸಲದ್ದು ಬಂದಿದೆ, ನೋಡ್ದೆ.